ಉಲ್ಟಾ ಬಿದ್ರಿ

ಚೌಬಾರಾದ ಹಿಂದಿನ ಓಣ್ಯಾಗ
ನನ್ನದೊಂದು ಟೇಬಲ್ಲು, ಒಂದು ದೀಪ, ಒಂದು ಭೂತಗನ್ನಡಿ.
ಮೊಬೈಲ್ ಸತ್ತವರು ಬರ್ತಾರ,
ರೇಡಿಯೋ ಕೆಟ್ಟವರು ಈಗ ಬರೂದಿಲ್ಲ.
ನುಜಹತ್ ಬಂದಳು, ಒಂಬತ್ತನೇ ಇಯತ್ತೆ,
ಓಢಣಿ ತುದಿಯೊಳಗ ಗೇಮಿನ ಕಂಟ್ರೋಲರ್ ಸುತ್ತಿಕೊಂಡು.
ಹಿಡಿಕಿ ಸೀಳಿತ್ತು. ಟೇಪಿನ ಮ್ಯಾಲ ಟೇಪು.
'ಚನ್ನಮಲ್ಲಣ್ಣಾ, ಇದರ ಮೈ ಬದಲಿ ಮಾಡಿ ಕೊಡ್ತೀರೇನು?
ಬಿಳೇದು ಬೇಕು. ಅಗ್ದಿ ಬಿಳೇದು.'

ಹೈದರಾಬಾದಿನ ಬಸ್ಸಿನೊಳಗ ಬಂತು ಬಿಳೇ ಕವಚ,
ಗುಳ್ಳಿ ಹಾಳಿಯೊಳಗ ಮಲಗಿ.

ಬ್ಯಾಟರಿ ಗೂಡಿನ ಚೀಟಿ ಕೆಳಗ
ಒಂದು ತಿರುಪು ಅಡಗಿ ಕುಂತಿರ್ತದ,
ಅದನ್ನ ಮರತು ಎಳದರ ಮುರದೇ ಮುರೀತದ.
ಉಗುರಲೆ ಚೀಟಿ ಹರದು
ನಕ್ಷತ್ರದ ಮೂತಿಯ ಸ್ಕ್ರೂಡ್ರೈವರ್ ಇಟ್ಟೆ.
ಒಳಗ ಬಿಸ್ಕೀಟಿನ ಪುಡಿ, ಉದ್ದನೆಯ ಒಂದು ಕೂದಲ,
ಗುಂಡಿಯ ಸಂದ್ಯಾಗ ಒಣಗಿದ ಮದರಂಗಿ.
ಟ್ರಿಗರಿನ ಸ್ಪ್ರಿಂಗ್ ಠಣ್ಣಂತ ಹಾರಿತು.
ಅರ್ಧ ತಾಸು ನೆಲದ ಮ್ಯಾಲ ಆಯಸ್ಕಾಂತ ಎಳೀತಾ ಕುಂತೆ.
ಚಾದಂಗಡಿ ಹುಡುಗ ನಕ್ಕ:
'ಏನ್ ಮಾಲಕ್, ಹೊಲ ಹರಗ್ಲಿಕ್ಕತ್ತೀರೇನು?'

ತಗೊಂಡು ಹೋಗ್ಲಿಕ್ಕ ಅವಳ ಜೋಡಿ ಜಲೀಲ್ ದಾದಾ ಬಂದ್ರು.
ನಲವತ್ತೆರಡು ವರ್ಷ ಸುರಾಹಿ, ಹುಕ್ಕಾ, ಅತ್ತರದಾನಿ ಮ್ಯಾಲ
ಬಳ್ಳಿ ಕಡದವರು.
ಕೋಟಿ ಮಣ್ಣು ನಾಲಿಗಿಗೆ ಹಚ್ಚಿ
ಇದು ನಡೀತದ, ಇದು ನಡಿಯಂಗಿಲ್ಲ ಅಂದವರು.
ಈಗ ಕೈ ನಡಗ್ತಾವ,
ಚಾ ಅರ್ಧ ಬಸಿಗೆ, ಅರ್ಧ ಅಂಗಿಗೆ.
ನನ್ನ ಮೊಬೈಲಿಗೇ ಜೋಡಿಸಿ ದಾದಾನ ಕೈಯಾಗ ಕೊಟ್ಟೆ.
ಕಾರು ಹೋಗಿ ಗ್ವಾಡಿಗೆ ಹಾದಿತು,
ಕಂಟ್ರೋಲರ್ ಗರಗರ ನಡಗಿತು.
ದಾದಾ ಬಿಡಲಿಲ್ಲ, ಹಿಡಕೊಂಡೇ ನಿಂತ್ರು.
'ಇದಕ್ಕೂ ಅದಲ್ಲೋ ಈ ಬ್ಯಾನಿ.'

ಎಂಟು ದಿನಕ್ಕ ನುಜಹತ್ ಮತ್ತ ಬಂದಳು, ಮುಖ ಇಷ್ಟೇ ಮಾಡಿ.
ಬಿಳೇ ಮೈ ತುಂಬ ಬಳ್ಳಿ!
ರಾತ್ರಿ ಎಲ್ಲರೂ ಮಲಗಿದ ಮ್ಯಾಲ
ಹಳೇ ಚಾಣ ಹುಡುಕಿ ಕೊರದಾರ.
ಬಿಳೇದರ ಮ್ಯಾಲ ಬಿಳೇ ಗೀರು,
ಕಣ್ಣಿಗೆ ಕಾಣೂದಿಲ್ಲ, ಹೆಬ್ಬೆಟ್ಟಿಗೆ ತಿಳೀತದ.
ಅದೂ ಸೀದಾ ಬಳ್ಳಿ ಅಲ್ಲ,
ಎಲಿ ಎಲಿಗೂ ತಡವರಿಸಿದ್ದು.
ಒಂದು ಕಡೆ ಚಾಣ ಪಾರಾಗಿ, ತೂತಿನಿಂದ
ಹಸರು ಬೋರ್ಡು ಹಣಿಕಿ ಹಾಕ್ತದ.

'ಬ್ಯಾರೆ ಕವಚ ತರಸಲೇನು?'
'ಎಷ್ಟಾಗ್ತದ?'
ಹೇಳಿದೆ. ಸುಮ್ಮನಾದಳು.
ಹೆಬ್ಬೆಟ್ಟು ತಾನಾಗೇ ಬಳ್ಳಿ ಹಿಡದು ಹೊಂಟಿತ್ತು,
ಮ್ಯಾಲ, ಕೆಳಗ, ತೂತಿನ ಹತ್ರ ನಿಂತು, ಮತ್ತ ಮ್ಯಾಲ.
'ಜಾರೂದಿಲ್ಲಣ್ಣಾ ಈಗ' ಅಂದಳು.
'ಬೆವತ್ರೂ ಜಾರೂದಿಲ್ಲ.'
ರೊಕ್ಕ ವಾಪಸ್ ಕಿಸೆಕ್ಕ ಹೋತು.

ಚಳಿ ಬಂತು, ಹೋತು.
ಅಂಗೈ ಎಣ್ಣಿ, ಭಜಿ ತಿಂದ ಬೆರಳು, ಓಣಿಯ ಧೂಳ
ಗೀರಿನೊಳಗ ಇಳದು ಇಳದು
ಬಳ್ಳಿ ಕರ್ರಗ ಎದ್ದು ಬಂದದ.
ಬಿದ್ರಿಯೊಳಗ ಕರೇ ಮೈ, ಬೆಳ್ಳಿ ಬಳ್ಳಿ.
ಇದು ಉಲ್ಟಾ.
ನವಸಾಗರ ಇಲ್ಲ, ಕೋಟಿ ಮಣ್ಣಿಲ್ಲ,
ಆಡಿ ಆಡಿ ಹತ್ತಿದ ಮಸಿ.
ದಾದಾ ಅದನ್ನೂ ನಾಲಿಗಿಗೆ ಹಚ್ಚಿ ನೋಡಿದ್ರಂತ.
'ಉಪ್ಪದ' ಅಂದ್ರಂತ.

ಈಗ ಅವಳ ಗೆಳತ್ಯಾರು ಬರ್ತಾರ,
'ನಮಗೂ ಅದೇ ಬಳ್ಳಿ, ಹಂಗೇ ಬೇಕು.'
ದಾದಾ ಕೈ ಎತ್ತಿ ತೋರಸ್ತಾರ:
'ಅವತ್ತು ನಡಗಿದಂಗ ಇವತ್ತು ನಡಗಂಗಿಲ್ಲ ಬೇಟಾ.
ಬ್ಯಾರೆ ಬೀಳ್ತದ. ನಡೀತದೇನು?'

ಎಡಗಡೆಯ ಕೋಲು ಮಾತ್ರ
ಯಾರೂ ಮುಟ್ಟದೇ ಇದ್ರೂ ಇನ್ನೂ ಎಡಕ್ಕೇ ಎಳೀತದ.
ಮೈ ಬದಲಿಸಿದ್ರ ಹೋಗೂ ರೋಗ ಅಲ್ಲ ಅದು.
ನುಜಹತ್ ಕೂದಲೆಳಿಯಷ್ಟು ಬಲಕ್ಕ ಒತ್ತಿ ಹಿಡದು
ಕಾರು ಸೀದಾ ಓಡಸ್ತಾಳ.