ಹನ್ನೊಂದನೆಯ ಮಾದರಿ

ನವೆಂಬರ್ ಕೊನೆ. ಟ್ರೊಮ್ಸೊದಲ್ಲಿ ಸೂರ್ಯ
ರಜೆ ಹಾಕಿ ನಾಲ್ಕು ದಿನ.
ನೆಲಮಾಳಿಗೆಯಲ್ಲಿ ನಿರ್ವಾತದ ಪಂಪು ಮಾತ್ರ
ಗೊರಕೆ ಹೊಡೆಯುತ್ತಲೇ ಎಚ್ಚರವಾಗಿದೆ.

ಹಿಮಸಾರಂಗದ ಮಿದುಳಿನ ಬುಡದಿಂದ ತೆಗೆದ
ಹೆಸರುಕಾಳಿನಷ್ಟು ಚೂರು.
ಹಸಿವಿಗೆ, ನಿದ್ದೆಗೆ, ಬೆದೆಗೆ
ಓಲೆ ಹೊರಡುವುದು ಅಲ್ಲಿಂದಲೇ.
ಆ ಓಲೆ ಓದುವುದು ನನ್ನ ಸಂಬಳದ ಕೆಲಸ.

ಅರೆದು, ಆಮ್ಲದಲ್ಲಿ ಕದಡಿ, ಸೋಸಿ,
ಕೂದಲಿನಂಥ ಕೊಳವೆಯಲ್ಲಿ ಸಾಲು ನಿಲ್ಲಿಸಿ
ಸೂಜಿಮೊನೆಗೆ ತಂದರೆ
ವಿದ್ಯುತ್ತು ತಾಗಿ ತುಂತುರಾಗಿ ಹಾರುತ್ತವೆ ಪೆಪ್ಟೈಡುಗಳು,
ಹಗುರದ್ದು ಮುಂದೆ, ಭಾರದ್ದು ಹಿಂದೆ.
ಮಾತಿಗೆ ತೂಕವಿರಬೇಕು ಎನ್ನುತ್ತಾರೆ ಹಿರಿಯರು;
ಇಲ್ಲಿ ತೂಕ ಬಿಟ್ಟರೆ ಬೇರೆ ಮಾತೇ ಇಲ್ಲ.

ಒಂದನ್ನು ಹಿಡಿದು ಅನಿಲಕ್ಕೆ ಅಪ್ಪಳಿಸುತ್ತೇನೆ.
ಮುರಿಯುತ್ತದೆ ಗಿಣ್ಣು ಗಿಣ್ಣಿನಲ್ಲಿ, ಕಬ್ಬಿನ ಹಾಗೆ.
ಆಮೇಲೆ ಚೂರಿಗೂ ಚೂರಿಗೂ ಇರುವ ಅಂತರ ಎಣಿಸುವುದು:
ಐವತ್ತೇಳಾದರೆ ಗ್ಲೈಸಿನ್,
ಎಪ್ಪತ್ತೊಂದಾದರೆ ಅಲನಿನ್,
ನೂರ ಹದಿಮೂರು ಬಂತೋ, ಕೈಚೆಲ್ಲಬೇಕು.
ಲ್ಯೂಸಿನ್ನೋ ಐಸೊಲ್ಯೂಸಿನ್ನೋ,
ತಕ್ಕಡಿಗೆ ಗುರುತು ಸಿಗದ ಅವಳಿಗಳು;
ಇವನಾರು ಅವನಾರು ಎಂದು
ಹೆತ್ತ ಜೀನೇ ಬಂದು ಹೇಳಬೇಕು.

ಹತ್ತು ಮಾದರಿ ತಕರಾರಿಲ್ಲದೆ ಓದಿಸಿಕೊಂಡವು.
ಹನ್ನೊಂದನೆಯದು ಬಾಯಿಬಿಟ್ಟರೆ ಬರೀ ರಕ್ತ.
ಹಿಮೋಗ್ಲೋಬಿನ್ನಿನ ತುಣುಕು, ಮತ್ತೊಂದು ತುಣುಕು,
ಒಡೆದ ಹೆಂಚಿನ ರಾಶಿ,
ಓಲೆ ಎಲ್ಲೋ ಅಡಿಯಲ್ಲಿ.

"ಕೆಟ್ಟಿದೆ," ಎಂದಳು ಟೋರ್‌ಹಿಲ್ಡ್, ಕೋಟು ಬಿಚ್ಚದೆಯೇ.
"ಉಸಿರು ನಿಂತು ಮೂರು ನಿಮಿಷ ಸಾಕು,
ಕಿಣ್ವಗಳು ಕತ್ತರಿ ಹಿಡಿದು ಕೂರುತ್ತವೆ.
ಅಲ್ಲಿ ಯಾರೋ ತಡ ಮಾಡಿದ್ದಾರೆ. ತೆಗೆದುಹಾಕು."

ಕೌಟೊಕೈನೊಗೆ ಫೋನು ಮಾಡಿದೆ.
ಇಸ್ಸಾತ್ ಬಹಳ ಹೊತ್ತು ಸುಮ್ಮನಿದ್ದ.
ಹಿಂದೆಲ್ಲೋ ನಾಯಿ, ಯಾವುದೋ ಗಾಡಿಯ ಸದ್ದು.
"ಹನ್ನೊಂದು ಅಂದರೆ ಆ ಬೂದು ಹೆಣ್ಣು,
ಹದಿಮೂರು ಚಳಿಗಾಲ ಹಿಂಡಿನ ಮುಂದೆ ನಡೆದದ್ದು.
ನೀವು ಕೊಟ್ಟ ಗಡಿಯಾರ ಜೇಬಿನಲ್ಲೇ ಇತ್ತು.
ಕೈ ಅದರ ಹಣೆಯ ಮೇಲಿತ್ತು.
ಬೆಚ್ಚಗಿತ್ತಲ್ಲ, ತೆಗೆಯಲಾಗಲಿಲ್ಲ."
"ಎಷ್ಟು ಹೊತ್ತು?"
"ಎಣಿಸಲಿಲ್ಲ."

ನಾನು ಎಣಿಸಿದೆ.
ತುಣುಕುಗಳ ಏರಿಳಿತವನ್ನು
ಹಳೆಯ ಕಡತಗಳ ಪಕ್ಕದಲ್ಲಿಟ್ಟು ನೋಡಿದರೆ
ಒಂಬತ್ತು ನಿಮಿಷ, ಕೊಂಚ ಆಚೀಚೆ.
ಕೈಯ ತೂಕ ಹಿಡಿಯುವ ಯಂತ್ರವಲ್ಲ ಇದು,
ಆದರೂ ಕೈ ಅಲ್ಲಿ ಇದ್ದಷ್ಟು ಹೊತ್ತನ್ನು
ರಕ್ತ ತನ್ನನ್ನೇ ಹರಿದುಕೊಂಡು ಬರೆದಿಟ್ಟಿದೆ,
ಕಾಗುಣಿತದ ತಪ್ಪಿಲ್ಲದೆ.

"ಉಳಿದ ಹತ್ತು ಏನು ಹೇಳಿದವು?" ಅವನ ಕುತೂಹಲ.
"ಕತ್ತಲು ಬಂತು, ಕಡಿಮೆ ತಿನ್ನು, ಅಂಥದ್ದು."
"ಅದು ನನ್ನ ಅಜ್ಜಿಗೂ ಗೊತ್ತಿತ್ತು," ಎಂದು ನಕ್ಕ.
"ಮುಂದಿನದಕ್ಕೆ ಮಗಳು ಏಲ್ಲೆ ಬರುತ್ತಾಳೆ. ಅವಳ ಕೈ ಚುರುಕು."
ಚುರುಕು ಎಂಬುದನ್ನು ಅವನು ಹೊಗಳಿಕೆಯಾಗಿ ಹೇಳಿದನೋ,
ದೂರಾಗಿ ಹೇಳಿದನೋ, ನನಗೆ ತಿಳಿಯಲಿಲ್ಲ.
ಒಂದೇ ತೂಕದ ಮಾತು.

ಕಾರಣದ ಅಂಕಣದಲ್ಲಿ 'ಮಾದರಿ ಕೆಟ್ಟಿದೆ' ಎಂದು ತುಂಬಿದೆ.
ಲೆಕ್ಕದಿಂದ ತೆಗೆದೆ. ಅಳಿಸಲಿಲ್ಲ.

ಮರುದಿನದ ಸರದಿಗೆ ಕೊಳವೆ ತೊಳೆಯಬೇಕಿತ್ತು.
ಖಾಲಿ ದ್ರಾವಣ ಹರಿಸಿದೆ, ಒಂದು ಸಲ, ಎರಡು ಸಲ.
ಮೂರನೆಯ ಸಲವೂ ಪರದೆಯ ಬಲಮೂಲೆಯಲ್ಲಿ,
ಏನೂ ಇರಬಾರದ ಕಡೆ,
ಆ ಹೆಣ್ಣಿನ ರಕ್ತದ ಸಣ್ಣದೊಂದು ಶಿಖರ
ಇನ್ನೂ ನಿಂತೇ ಇತ್ತು.