ಸರಿ, ರದ್ದು

ದೋಣಿಯ ನೋಂದಣಿ ರದ್ದು ಮಾಡಲೇ?
ಕೆಳಗೆ ಎರಡು ಗುಂಡಿ: ಸರಿ. ರದ್ದು.
ಸಾರೆಮಾ ದ್ವೀಪದ ಬಂದರು ಕಚೇರಿಗೆ
ಹೆಲ್ವಿ ಬರೆದುಕೊಟ್ಟದ್ದು ಪ್ರಶ್ನೆ ಮಾತ್ರ,
ಗುಂಡಿಯ ಮಾತು ಬ್ರೌಸರಿನದು.

ಆರ್ವೋ ಕೈಗವಸು ಕಳಚಿ ಕೂತು
ರದ್ದಾಗಲೆಂದೇ ರದ್ದು ಒತ್ತಿದ.
ದೋಣಿ ಉಳಿಯಿತು.
ಮತ್ತೆ ಒತ್ತಿದ. ಮತ್ತೂ ಉಳಿಯಿತು.
ಫೋನಿನಲ್ಲಿ ಬೈದ:
ಏನಮ್ಮಾ, ಹೌದೆಂದರೆ ಅಲ್ಲ ಅನ್ನುತ್ತದಲ್ಲ ನಿನ್ನ ಪೆಟ್ಟಿಗೆ!

ಸರಿ ಒತ್ತಿ ಅಂದಳು,
ಮುಖಪುಟಕ್ಕೆ ಹೋಗುತ್ತೀರಿ.
ಆಮೇಲೆ ಹಿಂದಿನ ಬಾಣ ಎಷ್ಟು ಒತ್ತಿದರೂ
ಈ ಪುಟ ಸಿಗುವುದಿಲ್ಲ.
ನಾನೇ ಹಾಗೆ ಬರೆದಿದ್ದೇನೆ.

ಆಚೆಗೆ ಕೆಟಲು ಕುದಿಯುವ ಸದ್ದು.
ಉತ್ತರ ಕೊಡುವವರೆಗೆ
ಪುಟದ ಮೂಲೆಯ ಗಡಿಯಾರವೂ ನಿಂತಿರುತ್ತದೆ,
ಅದು ಅವಳಿಗೆ ಗೊತ್ತು.

ಹೋದ ವಾರವಷ್ಟೇ ಟಾರು ಬಳಿದಿದ್ದೆ, ಅಂದ,
ಅವಳಿಗಲ್ಲ.