ಕೀಮ್ಯಾನ್ ಕಂಡ ಹೊಳೆ

ದೋಣಿಗಾಲಿನ ದಿಬ್ಬದ ಮೇಲೆ ನಿಂತು
ಉಚ್ಚೆ ಹೊಯ್ಯುತ್ತಾ ಕಾಳಿಂಗಯ್ಯ ಹೇಳಿದ್ದ:
"ಈ ಕಡೆ ಹರಿದದ್ದು ಹೇಮಾವತಿಗೆ,
ಆ ಕಡೆ ಜಾರಿದ್ದು ಕೆಂಪುಹೊಳೆಗೆ.
ಎರಡು ಸಮುದ್ರಕ್ಕೂ ನಮ್ಮ ಪಾಲಿನ ಉಪ್ಪು ಹೋಯ್ತು. ನಡಿ ತಮ್ಮ."

ಅದು ನನ್ನ ಮೊದಲ ದಿನ.
ಹೆಗಲಿಗೆ ಸುತ್ತಿಗೆ, ಸ್ಪ್ಯಾನರು, ಸುತ್ತಿಟ್ಟ ಬಾವುಟ,
ಜಿಗಣೆಗೆಂದು ಕಿಸೆಯಲ್ಲಿ ಹೊಗೆಸೊಪ್ಪು.

ಹೊಳೆಯನ್ನು ನಾನು ಇಡಿಯಾಗಿ ಕಂಡವನಲ್ಲ.
ಸುರಂಗಕ್ಕೂ ಸುರಂಗಕ್ಕೂ ನಡುವೆ ಒಂದು ಚೂರು,
ಕತ್ತಲು,
ಮತ್ತೊಂದು ಚೂರು.
ಒಂದು ಸೇತುವೆಯ ಕೆಳಗೆ ಬೆರಳಗಲ, ಪಾಚಿಯಡಿ ಬರಿಯ ಸದ್ದು.
ಬಾವಲಿ ನಾತದಲ್ಲಿ ಮುನ್ನೂರು ಸ್ಲೀಪರು ಎಣಿಸಿ ಹೊರಬಂದರೆ
ಅದೇ ಹೊಳೆ ಸೊಂಟದಾಳ,
ಬಂಡೆಗೆ ಭುಜ ಕೊಟ್ಟು ನಿಂತಿದೆ.
ಆ ಮುನ್ನೂರರೊಳಗೆ ಯಾವ ಹಳ್ಳ ಬಂದು ಸೇರಿತೋ,
ಯಾವ ಬೆತ್ತದ ಮೆಳೆಯಡಿ ಮಾತಾಡಿಕೊಂಡವೋ,
ನನ್ನ ಡೈರಿಯಲ್ಲಿಲ್ಲ.
ಡೈರಿಯಲ್ಲಿರುವುದು: ಬೋಲ್ಟು ಸಡಿಲ. ಬಿಗಿ ಮಾಡಿದೆ.

ಹಳ್ಳಗಳಿಗೆ ನಾವೇ ಹೆಸರಿಟ್ಟುಕೊಂಡೆವು.
ರೊಟ್ಟಿ ಬಿಚ್ಚುವಲ್ಲಿ ಡಬ್ಬಿ ಹಳ್ಳ.
ಕಾಳಿಂಗಯ್ಯ ಬಗ್ಗಿ ಮುಖ ತೊಳೆದು
ಕನ್ನಡಕ ಕಳಕೊಂಡದ್ದು ಕನ್ನಡಕದ ಹಳ್ಳ.
ಇನ್ನೊಂದಕ್ಕೆ ಕೇಳಬೇಡ ಹಳ್ಳ ಅಂದ,
ನಾನೂ ಕೇಳಲಿಲ್ಲ.

ಎಡಕುಮರಿ ಸ್ಟೇಷನ್ನಿಗೆ ರಸ್ತೆಯಿಲ್ಲ.
ಅಕ್ಕಿ, ಸೀಮೆಎಣ್ಣೆ, ಕಾಗದ, ಜ್ವರದ ಮಾತ್ರೆ, ಎಲ್ಲ ರೈಲಲ್ಲೇ.
ಆನೆಗಳು ಮಾತ್ರ ತಮ್ಮ ದಾರಿಯಲ್ಲಿ ಇಳಿದು
ಹೊಳೆ ಕುಡಿದು
ಟೈಮ್ ಟೇಬಲ್ಲಿನ ಹಂಗಿಲ್ಲದೆ ಹತ್ತುತ್ತವೆ.

"ಕೂಗಿದರೆ ಹೆದರಬೇಡ," ಅನ್ನುತ್ತಿದ್ದ ಅವನು.
"ಮಳೆ ಸುರೀತಿದ್ದು ಹೊಳೆ ಸುಮ್ಮನಾಯ್ತೋ, ಓಡು."

ಅವನು ರಿಟೈರಾದ ವರ್ಷ, ಪುನರ್ವಸು ಮಳೆ, ರಾತ್ರಿ ಎರಡು.
ಕಂಬಳಿಕೊಪ್ಪೆಯ ಮೇಲೆ ಮಳೆ ಬಡಿಯುತ್ತಿತ್ತು.
ಕೆಳಗೆ ಏನೂ ಇಲ್ಲ.
ಅಷ್ಟು ದೊಡ್ಡ ಗಂಟಲು ಕಟ್ಟಿಹೋಗಿತ್ತು.
ಓಡಿದೆ. ಹಳಿಗೆ ಪಟಾಕಿ ಕಟ್ಟಿದೆ, ಕೆಂಪು ದೀಪ ಬೀಸಿದೆ,
ಗೂಡ್ಸು ಗಾಡಿ ಉಬ್ಬಸಪಡುತ್ತಾ ನನ್ನ ಮುಂದೆ ನಿಂತಿತು.
ಡ್ರೈವರು ಬೈದ. "ಏನಾಗಿದೆ ಇಲ್ಲಿ?"
ಏನೂ ಆಗಿರಲಿಲ್ಲ.
ಹನ್ನೊಂದು ನಿಮಿಷ ಏನೂ ಆಗಲಿಲ್ಲ.

ಆಮೇಲೆ ಬಂತು.
ಮೇಲೆಲ್ಲೋ ಗುಡ್ಡ ಕುಸಿದು ಕಟ್ಟಿದ ಒಡ್ಡು ಹರಿದು
ಧೂಪದ ಮರ, ಬೇರು, ಬಂಡೆ, ಹಂದಿಯ ಹೆಣ,
ಎಂಜಿನ್ನಿನ ದೀಪದಲ್ಲಿ ನೀರಿಗೆ ನೀರಿನ ಬಣ್ಣವಿಲ್ಲ.
ವರ್ಷವಿಡೀ ಗಾಜಿನಂತಿದ್ದ ಹೊಳೆಗೆ
ಆ ಹೆಸರು ಯಾಕೆಂದು ಆಗ ಗೊತ್ತಾಯಿತು.

ಈಗ ನನಗೆ ಅರಸೀಕೆರೆ. ಹಳಿ ನೇರ, ನೆಲ ಒಣ,
ಸುರಂಗವಿಲ್ಲ, ಎಣಿಸುವುದೇನಿಲ್ಲ.
ಒಮ್ಮೊಮ್ಮೆ ಆ ಕನ್ನಡಕ ನೆನಪಾಗುತ್ತದೆ:
ಒಂದು ಕಾಲಿಗೆ ದಾರ ಸುತ್ತಿದ್ದು.
ಗುಂಡ್ಯ ದಾಟಿ, ಉಪ್ಪಿನಂಗಡಿಯಲ್ಲಿ ದೊಡ್ಡ ನೀರಿಗೆ ಬಿದ್ದು,
ಎಲ್ಲೂ ಕತ್ತಲು ನಡುವೆ ಬಾರದೆ
ಹೊಳೆಯನ್ನು ಉದ್ದಕ್ಕೂ ನೋಡಿಕೊಂಡು ಹೋಗಿರಬೇಕು,
ಹಿಂದೆ ಕಣ್ಣಿಲ್ಲದೆಯೇ.